ಇತಿಹಾಸದ ಅಂಚೆ: ಮೆಣಸು, ಚಿನ್ನ, ಕವಡೆ, ಮನುಷ್ಯರು

ಕಳೆದ ಸಂಚಿಕೆಯಲ್ಲಿ ವಾಸ್ಕೋ ಡ ಗಾಮನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣ. ತುರ್ಕರು, ಪೋರ್ಚುಗೀಸರು, ಆಫ್ರಿಕಾದ ಗುಲಾಮರು, ಎಲ್ಲರೂ ಒಟ್ಟಿಗೇ ಬಂದಿದ್ದಾರೆ. ಬೈದು ಬರೆದವರೂ ಇದ್ದಾರೆ. ಅವರಿಗೂ ಉತ್ತರ ಇದೆ. ನನ್ನದೊಂದು ಹಳೇ ಮೇಷ್ಟರ ಚಾಳಿ ಮಾತ್ರ ಗೊತ್ತಿರಲಿ. ಒಳ್ಳೆಯವರು ಯಾರು, ಕೆಟ್ಟವರು ಯಾರು ಅನ್ನುವುದಕ್ಕೆ ಮೊದಲು ಇಸವಿ ನೋಡುತ್ತೇನೆ. ಆಮೇಲೆ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ನೋಡುತ್ತೇನೆ.

ಪ್ರಶ್ನೆ: 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ವ್ಯಾಪಾರದ ದಾರಿ ಮುಚ್ಚಿದರು, ಅದಕ್ಕೇ ಯುರೋಪಿನವರು ಸಮುದ್ರ ಮಾರ್ಗ ಹುಡುಕಿದರು ಎಂದು ಓದಿದ್ದೇನೆ. ನಿಜವೇ ಸರ್?
— ಪಿಯುಸಿ ವಿದ್ಯಾರ್ಥಿನಿ

ಪರೀಕ್ಷೆಯಲ್ಲಿ ಅದನ್ನೇ ಬರಿಯಮ್ಮ, ಮಾರ್ಕ್ಸ್ ಕಳೆದುಕೊಳ್ಳುವುದು ಬೇಡ. ಆದರೆ ಮನೆಯಲ್ಲಿ ಕೂತು ಇಸವಿಗಳನ್ನು ಸಾಲಾಗಿ ಬರೆದು ನೋಡು. ಪೋರ್ಚುಗೀಸರು ಉತ್ತರ ಆಫ್ರಿಕಾದ ಸಿಯೂಟಾ ಬಂದರು ಹಿಡಿದದ್ದು 1415ರಲ್ಲಿ. ಸಹಾರಾ ಕರಾವಳಿಯ ಬೊಜಡೋರ್ ಭೂಶಿರ ದಾಟಿದ್ದು 1434ರಲ್ಲಿ. ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನು ಪೋರ್ಚುಗಲ್ಲಿನ ಲಾಗೋಸ್ ಪಟ್ಟಣದ ಹೊರಗೆ ಪಾಲು ಮಾಡಿ ಹಂಚಿಕೊಂಡದ್ದು 1444ರಲ್ಲಿ. ಸುಲ್ತಾನ ಮೆಹ್ಮದ್ ಕಾನ್‌ಸ್ಟಾಂಟಿನೋಪಲ್ಲಿನ ಗೋಡೆ ಒಡೆಯುವ ಹೊತ್ತಿಗೆ ಇವರು ಸಮುದ್ರಕ್ಕಿಳಿದು ನಲವತ್ತು ವರ್ಷದ ಹತ್ತಿರ ಆಗಿತ್ತು.

ಇನ್ನು ಮೆಣಸು. ಅದರ ಮುಖ್ಯ ದಾರಿ ಕಾನ್‌ಸ್ಟಾಂಟಿನೋಪಲ್ ಆಗಿರಲೇ ಇಲ್ಲ. ಮಲಬಾರಿನಿಂದ ಕೆಂಪು ಸಮುದ್ರ, ಅಲ್ಲಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಅಲ್ಲಿಂದ ವೆನಿಸ್. ಈಜಿಪ್ಟ್ ಮಾಮ್ಲೂಕ್ ಸುಲ್ತಾನರ ಕೈಯಲ್ಲಿತ್ತು. ಆಟೋಮನ್ ತುರ್ಕರು ಅದನ್ನು ಗೆದ್ದದ್ದು 1517ರಲ್ಲಿ. ಅಷ್ಟು ಹೊತ್ತಿಗೆ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಕಳೆದಿತ್ತು. ವೆನಿಸ್ಸಿನವರಂತೂ 1454ರಲ್ಲೇ ತುರ್ಕರ ಜೊತೆ ಒಪ್ಪಂದ ಮಾಡಿಕೊಂಡು ಅಂಗಡಿ ತೆರೆದಿದ್ದರು. ಸುಂಕ ತರುವ ದಾರಿಯನ್ನು ಯಾವ ಸುಲ್ತಾನ ಸುಮ್ನೆ ಮುಚ್ಚುತ್ತಾನೆ ಹೇಳು?

ಹಾಗಾದರೆ ಪೋರ್ಚುಗೀಸರು ಹೊರಟದ್ದು ಯಾಕೆ? ಮೊದಲ ಆಸೆ ಚಿನ್ನ. ಮಾಲಿ ಸಾಮ್ರಾಜ್ಯದ ಮಾನ್ಸಾ ಮೂಸಾ 1324ರಲ್ಲಿ ಹಜ್‌ಗೆ ಹೋಗುವಾಗ ಕೈರೋದಲ್ಲಿ ಎಷ್ಟು ಚಿನ್ನ ಹಂಚಿದನೆಂದರೆ, ಅಲ್ಲಿ ಚಿನ್ನದ ಬೆಲೆಯೇ ಬಿದ್ದುಹೋಯಿತು. ಸುದ್ದಿ ಯುರೋಪಿಗೂ ಮುಟ್ಟಿತು. 1375ರ ಒಂದು ಕ್ಯಾಟಲನ್ ನಕ್ಷೆಯಲ್ಲಿ ಮೂಸಾ ಕೈಯಲ್ಲಿ ಚಿನ್ನದ ಉಂಡೆ ಹಿಡಿದು ಕೂತಿದ್ದಾನೆ. ಆ ಚಿನ್ನ ಸಹಾರಾ ದಾಟಿ ಬರುತ್ತಿದ್ದದ್ದು ಮುಸ್ಲಿಂ ವ್ಯಾಪಾರಿಗಳ ಒಂಟೆಗಳ ಮೇಲೆ. ಅವರನ್ನು ಬಿಟ್ಟು ಸಮುದ್ರದ ಕಡೆಯಿಂದ ನೇರವಾಗಿ ಗಣಿಯ ಬಾಗಿಲಿಗೇ ಹೋಗೋಣ ಅನ್ನುವುದು ಪೋರ್ಚುಗೀಸರ ಲೆಕ್ಕ. 1482ರಲ್ಲಿ ಈಗಿನ ಘಾನಾದ ಎಲ್ಮೀನಾದಲ್ಲಿ ಕೋಟೆ ಕಟ್ಟಿದ್ದು ಅದಕ್ಕೇ. ಆ ಕೋಟೆಯಲ್ಲಿ ಮೊದಮೊದಲು ಪೋರ್ಚುಗೀಸರು ಗುಲಾಮರನ್ನು ಕೊಳ್ಳುತ್ತಿರಲಿಲ್ಲ, ಮಾರುತ್ತಿದ್ದರು! ಬೆನಿನ್ ಕಡೆಯಿಂದ ಜನರನ್ನು ತಂದು, ಎಲ್ಮೀನಾದ ಆಫ್ರಿಕನ್ ವ್ಯಾಪಾರಿಗಳಿಗೆ ಕೊಟ್ಟು ಚಿನ್ನ ತಗೊಳ್ಳುತ್ತಿದ್ದರು.

ಪ್ರಶ್ನೆ: ಗಾಮನಿಗೆ ಭಾರತದ ದಾರಿ ತೋರಿಸಿದವನು ಅರಬ್ ನಾವಿಕ ಇಬ್ನ್ ಮಾಜಿದ್ ಅಲ್ವಾ? ಕಲ್ಲಿಕೋಟೆಯಲ್ಲಿ ಅವನಿಗೆ ಭಾರೀ ಸ್ವಾಗತ ಸಿಕ್ಕಿತಂತೆ.
— ಕರಾವಳಿಯ ಓದುಗರು

ಇಬ್ನ್ ಮಾಜಿದ್ ದೊಡ್ಡ ನಾವಿಕ, ಸಮುದ್ರಯಾನದ ಮೇಲೆ ಗ್ರಂಥ ಬರೆದವನು. ಆದರೆ ಅವನ ಮೇಲೆ ಈ ಆರೋಪ ಬಂದದ್ದು ಎಷ್ಟೋ ದಶಕ ಕಳೆದ ಮೇಲೆ, ಮೆಕ್ಕಾದಲ್ಲಿ ಬರೆದ ಒಂದು ಅರಬ್ಬಿ ಚರಿತ್ರೆಯಲ್ಲಿ. ಪೋರ್ಚುಗೀಸ್ ಚರಿತ್ರೆಕಾರರು ಹೇಳುವುದು ಪೂರ್ವ ಆಫ್ರಿಕಾದ ಮಾಲಿಂದಿ ಬಂದರಿನಲ್ಲಿ ಹಡಗು ಹತ್ತಿದ ಒಬ್ಬ ಗುಜರಾತಿ ನಾವಿಕನ ಹೆಸರು. ನಾನು ಅದನ್ನೇ ನಂಬುತ್ತೇನೆ. ಆ ನಾವಿಕ ಮುಂಗಾರಿನ ಗಾಳಿ ಹಿಡಿದು 23 ದಿನಕ್ಕೆ ಅರಬ್ಬೀ ಸಮುದ್ರ ದಾಟಿಸಿದ. ವಾಪಸ್ ಹೋಗುವಾಗ ಗಾಮ ಗಾಳಿಗೆ ಕಾಯಲಿಲ್ಲ. ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಿಂದ ಅಕ್ಟೋಬರ್ ಮೊದಲಲ್ಲೇ ಹೊರಟುಬಿಟ್ಟ. ಅದೇ ಸಮುದ್ರ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಊದಿಕೊಂಡು, ಸ್ಕರ್ವಿ ರೋಗದಿಂದ ಜನ ಸಾಲುಸಾಲಾಗಿ ಸತ್ತರು.

ಸ್ವಾಗತದ ವಿಷಯ ಕೇಳಿ. ಗಾಮ ಮೊದಲು ದಡಕ್ಕೆ ಕಳಿಸಿದ್ದು ಒಬ್ಬ ಶಿಕ್ಷೆಯಾದ ಕೈದಿಯನ್ನು. ಏನಾದರೂ ಆದರೆ ಅವನಿಗೇ ಆಗಲಿ ಅಂತ. ಅವನಿಗೆ ಸಿಕ್ಕವರು ಸ್ಪೇನಿನ ಭಾಷೆ ಬಲ್ಲ ಇಬ್ಬರು ಟ್ಯುನೀಸಿಯಾದ ಮುಸ್ಲಿಮರು. 'ನಿನ್ನನ್ನು ಸೈತಾನ ಹೊತ್ತುಕೊಂಡು ಹೋಗಲಿ, ಇಲ್ಲಿಗೆ ಯಾಕೆ ಬಂದೆ?' ಅಂದರಂತೆ. ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಅಂದ ಇವನು. ಆ ಯಾನದಲ್ಲೇ ಇದ್ದವನ ದಿನಚರಿಯಲ್ಲಿ ಇದು ಇದೆ.

ಅದೇ ದಿನಚರಿಯಲ್ಲಿ ಕಲ್ಲಿಕೋಟೆಯ ಸಾಮೂತಿರಿ ರಾಜನಿಗೆ ಗಾಮ ಜೋಡಿಸಿಟ್ಟ ಉಡುಗೊರೆಯ ಪಟ್ಟಿಯೂ ಇದೆ. ಪಟ್ಟೆ ಪಟ್ಟೆ ಬಟ್ಟೆ 12 ತುಂಡು. ಕೆಂಪು ಕುಲಾವಿ 4. ಟೋಪಿ 6. ಹವಳದ ಸರ 4. ಕೈ ತೊಳೆಯುವ ಬೋಗುಣಿ 6. ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ರಾಜನ ಅಧಿಕಾರಿಗಳು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಅತಿ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡುತ್ತಾನೆ, ಚಿನ್ನ ಇದ್ದರೆ ತನ್ನಿ ಅಂದರು. ಆ ಕಾಲದ ವ್ಯಾಪಾರದಲ್ಲಿ ಯುರೋಪು ಎಲ್ಲಿ ನಿಂತಿತ್ತು ಅನ್ನುವುದಕ್ಕೆ ಆ ಆರು ಬೋಗುಣಿ ಸಾಕು. ಮಾರುವುದಕ್ಕೆ ಅವರ ಹತ್ತಿರ ನಮಗೆ ಬೇಕಾದದ್ದು ಏನೂ ಇರಲಿಲ್ಲ. ಇದ್ದದ್ದು ಹಡಗಿನ ಮೇಲಿನ ತೋಪು. ಮುಂದಿನ ಸಲ ಅದನ್ನೇ ಬಳಸಿದರು.

ಪ್ರಶ್ನೆ: ಆಟೋಮನ್, ಸಫಾವಿ, ಮೊಘಲ್ ಮೂರೂ ಮುಸ್ಲಿಂ ಸಾಮ್ರಾಜ್ಯಗಳು. ಮೂರೂ ಬಲಿಷ್ಠ. ಒಟ್ಟಾಗಿ ಪೋರ್ಚುಗೀಸರನ್ನು ಓಡಿಸಬಹುದಿತ್ತಲ್ಲ?
— ಒಬ್ಬ ಓದುಗರು

ಒಟ್ಟಾಗುವುದು ಹಾಗಿರಲಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 1501ರಲ್ಲಿ ಪಟ್ಟಕ್ಕೆ ಬಂದ ಸಫಾವಿ ದೊರೆ ಶಾ ಇಸ್ಮಾಯಿಲ್ ಪರ್ಷಿಯಾವನ್ನು ಶಿಯಾ ರಾಜ್ಯ ಮಾಡಿದ. ಆಟೋಮನ್ನರು ಸುನ್ನಿಗಳು. 1514ರಲ್ಲಿ ಚಾಲ್ದಿರಾನ್ ಬಯಲಲ್ಲಿ ಸುಲ್ತಾನ್ ಸಲೀಮನ ತೋಪುಗಳು ಇಸ್ಮಾಯಿಲನ ಕುದುರೆ ದಂಡನ್ನು ಪುಡಿ ಮಾಡಿದವು. ಆ ಮೇಲೆ ನೂರು ವರ್ಷಕ್ಕೂ ಮೀರಿ ಇಬ್ಬರಿಗೂ ಒಬ್ಬರ ಮೇಲೊಬ್ಬರ ಕಣ್ಣು. 1622ರಲ್ಲಿ ಹೊರ್ಮುಜ್ ದ್ವೀಪದಿಂದ ಪೋರ್ಚುಗೀಸರನ್ನು ಓಡಿಸಿದ ಶಾ ಅಬ್ಬಾಸನಿಗೆ ಹಡಗು ಕೊಟ್ಟವರು ಯಾರು? ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರು.

ತುರ್ಕರು ಕೈಕಟ್ಟಿ ಕೂತಿರಲಿಲ್ಲ. 1538ರಲ್ಲಿ ಹದಿಮ್ ಸುಲೈಮಾನ್ ಪಾಷಾ ದೊಡ್ಡ ನೌಕಾಪಡೆ ತಗೊಂಡು, ಗುಜರಾತಿನ ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆ ಇದ್ದ ದಿಯುಗೆ ಬಂದ. ಬರುವ ದಾರಿಯಲ್ಲಿ ಏಡನ್ನಿನ ದೊರೆಯನ್ನು ಹಡಗಿಗೆ ಕರೆಸಿ ಗಲ್ಲಿಗೇರಿಸಿಬಿಟ್ಟ. ಆ ಸುದ್ದಿ ಕೇಳಿದ ಗುಜರಾತಿನವರಿಗೆ ಈ ನೆಂಟನಿಗಿಂತ ಆ ವೈರಿಯೇ ವಾಸಿ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಮುತ್ತಿಗೆ ಬಿದ್ದುಹೋಯಿತು. 1568ರಲ್ಲಿ ವಜೀರ ಸೊಕೊಲ್ಲು ಮೆಹ್ಮದ್ ಪಾಷಾ ಸೂಯೆಜ್‌ನಲ್ಲಿ ಕಾಲುವೆ ತೋಡುವ ಯೋಚನೆಯನ್ನೂ ಮಾಡಿದ್ದ. ಕಾಗದದಲ್ಲೇ ಉಳಿಯಿತು.

ಮೊಘಲರದ್ದು ನೆಲದ ದೊರೆತನ. ತೆರಿಗೆ ಬರುವುದು ಹೊಲದಿಂದ. ಸಮುದ್ರದ ಮೇಲೆ ಪೋರ್ಚುಗೀಸರ ಕಾರ್ತಾಜ್ ಎಂಬ ಪಾಸ್ ಇಲ್ಲದೆ ಹಡಗು ಹೊರಡುವ ಹಾಗಿರಲಿಲ್ಲ. ಹಜ್‌ಗೆ ಹೊರಟ ಅಕ್ಬರನ ಸೋದರತ್ತೆ ಗುಲ್‌ಬದನ್ ಬೇಗಂ ಕೂಡ ಆ ಪಾಸಿಗಾಗಿ ಸೂರತ್ತಿನಲ್ಲಿ ತಿಂಗಳುಗಟ್ಟಲೆ ಕಾದಳು. ಇಷ್ಟು ದೊಡ್ಡ ಬಾದಶಹನ ಮನೆಯವರು! 1613ರಲ್ಲಿ ಜಹಾಂಗೀರನ ತಾಯಿಯ 'ರಹೀಮಿ' ಹಡಗನ್ನು ಪಾಸ್ ಇದ್ದರೂ ಹಿಡಿದರು. ಆಗ ಮಾತ್ರ ಜಹಾಂಗೀರ ಸಿಟ್ಟಿಗೆದ್ದು ದಮನ್‌ಗೆ ಮುತ್ತಿಗೆ ಹಾಕಿಸಿದ. ಇದರಲ್ಲಿ ಲಾಭ ಆದದ್ದು ಮತ್ತೆ ಇಂಗ್ಲಿಷರಿಗೇ.

ಪ್ರಶ್ನೆ: 1513ರ ಪಿರಿ ರೇಯಿಸ್ ನಕ್ಷೆಯಲ್ಲಿ ಅಂಟಾರ್ಟಿಕಾ ಇದೆಯಂತೆ?
— ಯೂಟ್ಯೂಬ್ ಪ್ರಿಯ

ಇಲ್ಲ. ದಕ್ಷಿಣ ಅಮೆರಿಕದ ಕರಾವಳಿಯನ್ನು ಕೆಳಗಡೆ ಬಗ್ಗಿಸಿ ಬರೆದಿದ್ದಾನೆ, ಅಷ್ಟೇ. ಚರ್ಮದ ಹಾಳೆಯಲ್ಲಿ ಜಾಗ ಮುಗಿದಿತ್ತು ಅಂತ ಕಾಣುತ್ತದೆ. ನಿಜವಾದ ಸೋಜಿಗ ಬೇರೆ ಇದೆ. ಕೊಲಂಬಸ್ ಬರೆದ ನಕ್ಷೆಯನ್ನು ಬಳಸಿಕೊಂಡಿದ್ದೇನೆ ಎಂದು ಈ ತುರ್ಕ ನೌಕಾಧಿಕಾರಿ ಅಲ್ಲೇ ಬರೆದಿದ್ದಾನೆ. ಅಮೆರಿಕದ ಸುದ್ದಿ ಅಷ್ಟು ಬೇಗ ತುರ್ಕಿ ಮುಟ್ಟಿತ್ತು.

ಪ್ರಶ್ನೆ: ಆಫ್ರಿಕನ್ನರೇ ತಮ್ಮವರನ್ನು ಮಾರಿದರು. ಹಾಗಿರುವಾಗ ಯುರೋಪಿನವರನ್ನು ಮಾತ್ರ ಬೈಯುವುದು ಯಾವ ನ್ಯಾಯ? ನಿಮ್ಮದು ಏಕಪಕ್ಷೀಯ ಬರಹ.
— ನಿವೃತ್ತ ಬ್ಯಾಂಕ್ ನೌಕರ

ಮಾರಿದ್ದು ನಿಜ. ಅದನ್ನು ಮುಚ್ಚಿಡುವವರ ಜೊತೆ ನಾನಿಲ್ಲ. ಪಶ್ಚಿಮ ಆಫ್ರಿಕಾದ ದಹೋಮಿ, ಓಯೊ, ಅಶಾಂತಿ ರಾಜ್ಯಗಳು ಈ ವ್ಯಾಪಾರದಿಂದ ಕೊಬ್ಬಿದವು. ದಹೋಮಿಯ ದೊರೆ ಅಗಾಜಾ 1727ರಲ್ಲಿ ವೀದಾ ಬಂದರನ್ನು ಗೆದ್ದುಕೊಂಡ ಮೇಲೆ ಅಲ್ಲಿನ ಗುಲಾಮ ವ್ಯಾಪಾರ ಆ ಮನೆತನದ ಕೈಗೇ ಬಂತು. ಯುರೋಪಿನವರಿಗೆ ಒಳನಾಡಿಗೆ ಹೋಗುವ ಧೈರ್ಯವೂ ಇರಲಿಲ್ಲ. ಮಲೇರಿಯಾ, ಹಳದಿ ಜ್ವರ ಅವರನ್ನು ಕರಾವಳಿಯಲ್ಲೇ ಮಲಗಿಸುತ್ತಿದ್ದವು. ಜನರನ್ನು ಹಿಡಿದು, ಕಟ್ಟಿ, ದಡದ ತನಕ ನಡೆಸಿಕೊಂಡು ಬಂದವರು ಆಫ್ರಿಕನ್ನರೇ.

ಆದರೆ 'ತಮ್ಮವರನ್ನು' ಅಂದಿರಲ್ಲ, ಅಲ್ಲಿ ತಕರಾರು ಇದೆ. ದಹೋಮಿಯ ಸೈನಿಕನಿಗೆ ಸೆರೆಸಿಕ್ಕ ಪಕ್ಕದ ರಾಜ್ಯದವನು ತನ್ನವನಲ್ಲ, ಶತ್ರು. 1618ರಿಂದ ಮೂವತ್ತು ವರ್ಷ ಜರ್ಮನಿಯಲ್ಲಿ ಕ್ರೈಸ್ತರು ಕ್ರೈಸ್ತರನ್ನೇ ಕೊಂದರು. ಅದನ್ನು 'ಯುರೋಪಿನವರು ತಮ್ಮವರನ್ನೇ ಕೊಂದರು' ಅಂತ ಯಾರೂ ಹೇಳುವುದಿಲ್ಲ.

ಬೇಡ ಅಂದವರೂ ಇದ್ದರು. ಕಾಂಗೋದ ದೊರೆ ಅಫೊನ್ಸೊ ಕ್ರೈಸ್ತನಾಗಿದ್ದ, ಪೋರ್ಚುಗೀಸ್ ಭಾಷೆಯಲ್ಲಿ ಪತ್ರ ಬರೆಸುತ್ತಿದ್ದ, ತಾನೂ ಗುಲಾಮರನ್ನು ಇಟ್ಟುಕೊಂಡಿದ್ದ, ಮಾರಿಯೂ ಇದ್ದ. ಅಂಥವನು 1526ರಲ್ಲಿ ಪೋರ್ಚುಗಲ್ಲಿನ ದೊರೆಗೆ ಬರೆಯುತ್ತಾನೆ: ನಿಮ್ಮ ವ್ಯಾಪಾರಿಗಳು ದಿನಾ ನಮ್ಮ ಜನರನ್ನು ಹಿಡಿಯುತ್ತಿದ್ದಾರೆ, ಕುಲೀನರ ಮಕ್ಕಳನ್ನೂ ನಮ್ಮ ನೆಂಟರನ್ನೂ ಬಿಡುತ್ತಿಲ್ಲ, ನಾಡು ಬರಿದಾಗುತ್ತಿದೆ. ನಮಗೆ ಬೇಕಾದದ್ದು ಪಾದ್ರಿಗಳು, ಕಲಿಸುವವರು, ಪೂಜೆಗೆ ವೈನು ಮತ್ತು ಹಿಟ್ಟು, ಇಷ್ಟೇ. ಹೀಗೆ ಅವನ ಒಕ್ಕಣೆ. ಲಿಸ್ಬನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಸಾಮಾನಿನ ಆಸೆಗೆ ಅವನ ಪ್ರಜೆಗಳೇ ಅವನ ಮಾತು ಮೀರುತ್ತಿದ್ದರು, ಅದನ್ನೂ ಪತ್ರದಲ್ಲಿ ಬರೆದಿದ್ದಾನೆ.

ನೀವು ಬ್ಯಾಂಕಿನವರು, ಆದ್ದರಿಂದ ನಿಮಗೆ ಬೇಗ ಅರ್ಥ ಆಗುತ್ತದೆ. ಸಾಲ ಯಾರು ಕೊಟ್ಟರು ನೋಡಿ. ಹಡಗು ಕಟ್ಟಿಸಿದವರು, ವಿಮೆ ಮಾಡಿದವರು, ಕಬ್ಬಿನ ತೋಟದ ಒಡೆಯರು, ಸಕ್ಕರೆ ಮಾರಿದವರು ಯಾರು? ಲೆಕ್ಕದ ಪುಸ್ತಕ ಇದ್ದದ್ದು ಲಿವರ್‌ಪೂಲ್, ನಾಂಟ್, ಲಿಸ್ಬನ್, ರಿಯೊ ಪಟ್ಟಣಗಳಲ್ಲಿ. ಮಾರಿದವನಿಗೆ ಬಂದೂಕು, ಬಟ್ಟೆ, ಮದ್ಯ ಸಿಕ್ಕಿತು. ಬಂಡವಾಳ ಬೆಳೆದದ್ದು ಆ ಕಡೆ.

ಪ್ರಶ್ನೆ: ಅಮೆರಿಕಕ್ಕೆ 10 ಕೋಟಿ ಗುಲಾಮರನ್ನು ಸಾಗಿಸಿದರು ಎಂದು ವಾಟ್ಸಾಪ್‌ನಲ್ಲಿ ಬಂದಿದೆ.
— ಗೃಹಿಣಿ

ಅಷ್ಟಿಲ್ಲ. ಹಡಗುಗಳ ದಾಖಲೆ ಕೂಡಿಸಿ ಇತಿಹಾಸಕಾರರು ಹಾಕಿದ ಲೆಕ್ಕ: ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನವರು ಸಮುದ್ರದಲ್ಲಿ. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಆಫ್ರಿಕಾದಿಂದ ನೇರವಾಗಿ ಬಂದವರು 4 ಲಕ್ಷದ ಒಳಗೆ. ಬ್ರೆಜಿಲ್‌ಗೆ 48 ಲಕ್ಷದ ಆಸುಪಾಸು. ಸಿನಿಮಾ ಎಲ್ಲ ಹತ್ತಿಯ ಹೊಲ ತೋರಿಸುತ್ತವೆ, ಜನ ಜಾಸ್ತಿ ಸತ್ತದ್ದು ಕಬ್ಬಿನ ತೋಟದಲ್ಲಿ.

ಪ್ರಶ್ನೆ: ಹಡಗಿನ ಒಳಗೆ ಅವರನ್ನು ಹೇಗೆ ಇಡುತ್ತಿದ್ದರು? ಮಗಳು ಕೇಳಿದಳು, ನನಗೆ ಹೇಳಲು ಗೊತ್ತಾಗಲಿಲ್ಲ.
— ಒಬ್ಬ ತಂದೆ

ಮಗಳಿಗೆ ಎಷ್ಟು ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. 1788ರಲ್ಲಿ ಇಂಗ್ಲೆಂಡಿನಲ್ಲಿ 'ಬ್ರೂಕ್ಸ್' ಎಂಬ ಲಿವರ್‌ಪೂಲ್ ಹಡಗಿನ ಒಂದು ನಕ್ಷೆ ಅಚ್ಚಾಯಿತು. ಒಬ್ಬ ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲ. ನೆಲದ ಮೇಲೆ ಸ್ಕೇಲ್ ಇಟ್ಟು ಅಳೆದು ನೋಡಿ. ಭುಜಕ್ಕೂ ಸಾಲದು. ಆ ಲೆಕ್ಕದಲ್ಲಿ 454 ಜನ ಹಿಡಿಯುತ್ತಿದ್ದರು. ಅದು ಹೊಸ ಕಾನೂನು ಒಪ್ಪಿದ ಸಂಖ್ಯೆ. ಅದಕ್ಕೂ ಮೊದಲು ಅದೇ ಹಡಗು 600ಕ್ಕೂ ಹೆಚ್ಚು ಜನರನ್ನು ಹೊತ್ತಿತ್ತು. ಗಂಡಸರ ಕಾಲಿಗೆ ಜೋಡಿ ಜೋಡಿಯಾಗಿ ಬೇಡಿ. ಪ್ರಯಾಣ ಒಂದೂವರೆ ತಿಂಗಳಿಂದ ಮೂರು ತಿಂಗಳು.

'ಜೋಂಗ್' ಹಡಗಿನ ಕಥೆ ಇದಕ್ಕಿಂತ ಘೋರ. 1781ರಲ್ಲಿ ಅದು ಜಮೈಕಾಕ್ಕೆ ಹೊರಟಿತ್ತು. ದಾರಿ ತಪ್ಪಿ ಜಮೈಕಾ ದಾಟಿ ಮುಂದೆ ಹೋಯಿತು. ಕುಡಿಯುವ ನೀರು ಸಾಲದು ಎಂದು ನವೆಂಬರ್ ಕೊನೆಯಲ್ಲಿ ಗುಲಾಮರನ್ನು ಸಮುದ್ರಕ್ಕೆ ಎಸೆಯಲು ಶುರು ಮಾಡಿದರು. ಮೊದಲ ದಿನ ಹೆಂಗಸರು ಮತ್ತು ಮಕ್ಕಳು. ಆಮೇಲೆ ಗಂಡಸರು. ಒಟ್ಟು 130ಕ್ಕೂ ಹೆಚ್ಚು. ನಡುವೆ ಮಳೆ ಬಂತು, ನೀರು ಸಿಕ್ಕಿತು, ಎಸೆಯುವುದು ನಿಲ್ಲಲಿಲ್ಲ. ಯಾಕೆಂದರೆ ಕಾಯಿಲೆಯಿಂದ ಸತ್ತರೆ ನಷ್ಟ ಮಾಲೀಕರದ್ದು. ಹಡಗು ಉಳಿಸಲು 'ಸರಕು' ಎಸೆದರೆ ವಿಮೆಯವರು ತಲೆಗೆ 30 ಪೌಂಡ್ ಕೊಡಬೇಕು. 1783ರಲ್ಲಿ ಲಂಡನ್ ಕೋರ್ಟಿಗೆ ಹೋದದ್ದು ವಿಮೆಯ ದಾವೆ. ಜ್ಯೂರಿ ಮಾಲೀಕರ ಪರ ನಿಂತಿತು. ಕುದುರೆಗಳನ್ನು ಎಸೆದ ಹಾಗೆಯೇ ಇದೂ ಅಂತ ಜ್ಯೂರಿ ನೋಡಿತು ಎಂದು ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಹೇಳಿದ. ವಿಮೆಯವರು ಮೇಲೆ ಹೋಗಿ ಮರುವಿಚಾರಣೆಗೆ ಆದೇಶ ತಂದರು. ಕೊಲೆ ಅಂತ ಯಾರ ಮೇಲೂ ಕೇಸ್ ನಡೆಯಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಕೊಂಡುಕೊಂಡಿದ್ದ ಒಲಾಡಾ ಎಕ್ವಿಯಾನೊ ಈ ಸುದ್ದಿ ಹಿಡಿದು ಗುಲಾಮಗಿರಿಯ ವಿರೋಧಿ ಗ್ರಾನ್‌ವಿಲ್ ಶಾರ್ಪ್ ಮನೆ ಬಾಗಿಲಿಗೆ ಹೋಗದಿದ್ದರೆ, ಇದು ಬರೀ ವಿಮೆ ಕಡತವಾಗಿ ಉಳಿಯುತ್ತಿತ್ತು.

ಪ್ರಶ್ನೆ: ಅರಬರೂ ತುರ್ಕರೂ ಶತಮಾನಗಟ್ಟಲೆ ಗುಲಾಮರನ್ನು ಇಟ್ಟುಕೊಂಡಿದ್ದರು. ಅದನ್ನು ಯಾಕೆ ಬರೆಯುವುದಿಲ್ಲ?
— ಹೆಸರು ಬೇಡ ಎಂದವರು

ಬರೆಯೋಣ. ಸಹಾರಾ, ಕೆಂಪು ಸಮುದ್ರ, ಹಿಂದೂ ಮಹಾಸಾಗರ ದಾಟಿಸಿದ ಗುಲಾಮರ ವ್ಯಾಪಾರ ಅಟ್ಲಾಂಟಿಕ್‌ಗಿಂತ ತುಂಬಾ ಹಳೇದು. ಬಸ್ರಾ ಬಳಿಯ ಜೌಗಿನಲ್ಲಿ ಉಪ್ಪುಮಣ್ಣು ಕೆರೆಯುತ್ತಿದ್ದ ಗುಲಾಮರು 869ರಲ್ಲಿ ದಂಗೆ ಎದ್ದರು. ಅಬ್ಬಾಸಿ ಖಲೀಫರಿಗೆ ಅದನ್ನು ಅಡಗಿಸಲು 14 ವರ್ಷ ಬೇಕಾಯಿತು. ಅಂತಃಪುರದ ಕಾವಲಿಗೆ ಹುಡುಗರ ಬೀಜ ಒಡೆಯುತ್ತಿದ್ದರು, ಎಷ್ಟೋ ಮಕ್ಕಳು ಅದರಲ್ಲೇ ಸಾಯುತ್ತಿದ್ದರು. 19ನೇ ಶತಮಾನದ ಜಾಂಜಿಬಾರಿನ ಲವಂಗದ ತೋಟಗಳು ಕೆರಿಬಿಯನ್ ತೋಟಗಳ ಅಣ್ಣತಮ್ಮಂದಿರೇ.

ಆದರೂ ಎರಡೂ ಒಂದೇ ಅಚ್ಚು ಅನ್ನಲಾರೆ. ಇಸ್ಲಾಮಿನ ಕಾನೂನಿನಲ್ಲಿ ಒಡೆಯನಿಗೆ ಗುಲಾಮಳಲ್ಲಿ ಹುಟ್ಟಿದ ಮಗುವನ್ನು ಅವನು ಒಪ್ಪಿಕೊಂಡರೆ ಅದು ಸ್ವತಂತ್ರ. ಹಲವು ಆಟೋಮನ್ ಸುಲ್ತಾನರ ತಾಯಂದಿರು ಗುಲಾಮರಾಗಿ ಅರಮನೆಗೆ ಬಂದವರು. ವರ್ಜೀನಿಯಾದ 1662ರ ಕಾನೂನು ಇದಕ್ಕೆ ಉಲ್ಟಾ. ತಾಯಿ ಗುಲಾಮಳಾದರೆ ಮಗು ಗುಲಾಮ, ಅಪ್ಪ ಒಡೆಯನೇ ಆದರೂ. ಒಡೆಯ ತನ್ನ ಮಗುವನ್ನೇ ಮಾರಬಹುದಾದ ಕಾನೂನು ಇದು. ಚರ್ಮದ ಬಣ್ಣಕ್ಕೂ ಗುಲಾಮಗಿರಿಗೂ ತಲೆಮಾರುಗಳ ಗಂಟು ಬಿದ್ದದ್ದು ಅಲ್ಲಿ.

ನಮ್ಮ ದಖ್ಖನ್ನಿನ ಮಲಿಕ್ ಅಂಬರನನ್ನೇ ನೋಡಿ. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಬಾಗ್ದಾದ್ ಕಂಡು, ಅಹಮದ್‌ನಗರಕ್ಕೆ ಬಂದವನು. ಕೊನೆಗೆ ಆ ರಾಜ್ಯವನ್ನೇ ನಡೆಸಿದ. ಜಹಾಂಗೀರನ ಆಸ್ಥಾನದ ಚಿತ್ರವೊಂದರಲ್ಲಿ ಬಾದಶಹ ಭೂಗೋಳದ ಮೇಲೆ ನಿಂತು ಅಂಬರನ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ. ಚಿತ್ರದಲ್ಲಿ ಮಾತ್ರ. ಅಂಬರ್ 1626ರಲ್ಲಿ ಮುದುಕನಾಗಿ ತನ್ನಷ್ಟಕ್ಕೆ ಸತ್ತ. ಹಾಗಂತ ಒಬ್ಬ ಅಂಬರನನ್ನು ತೋರಿಸಿ ಆ ವ್ಯವಸ್ಥೆ ಚೆನ್ನಾಗಿತ್ತು ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ಅವನ ಜೊತೆ ಅದೇ ಹಡಗಿನಲ್ಲಿ ಬಂದ ಮಿಕ್ಕವರ ಹೆಸರು ಯಾರಿಗೂ ಗೊತ್ತಿಲ್ಲ.

ಪ್ರಶ್ನೆ: ಅಟ್ಲಾಂಟಿಕ್ ಗುಲಾಮ ವ್ಯಾಪಾರಕ್ಕೂ ಭಾರತಕ್ಕೂ ಏನಾದರೂ ಸಂಬಂಧ ಇತ್ತೇ?
— ಪದವಿ ವಿದ್ಯಾರ್ಥಿ

ಈ ಪ್ರಶ್ನೆಗೇ ಕಾಯುತ್ತಿದ್ದೆ. ಗುಲಾಮರನ್ನು ಕೊಳ್ಳಲು ಏನು ಕೊಡುತ್ತಿದ್ದರು? ಬಂದೂಕು ಅಂತ ಎಲ್ಲರೂ ಹೇಳುತ್ತಾರೆ. ಮೊದಲ ಸ್ಥಾನ ಬಟ್ಟೆಯದು, ಅದರಲ್ಲಿ ದೊಡ್ಡ ಪಾಲು ಗುಜರಾತ್ ಮತ್ತು ಕೋರಮಂಡಲ ಕರಾವಳಿಯ ಹತ್ತಿ ಬಟ್ಟೆ. ಪಶ್ಚಿಮ ಆಫ್ರಿಕಾದ ಗಿರಾಕಿಗಳು ಸುಲಭಕ್ಕೆ ಒಪ್ಪುವವರಲ್ಲ. ನೀಲಿಯ ಗಾಢ, ಹೊಳಪು, ಅಂಚು ಎಲ್ಲ ನೋಡಿ, ಇಷ್ಟ ಆಗದಿದ್ದರೆ ಪಕ್ಕಕ್ಕೆ ತಳ್ಳುತ್ತಿದ್ದರು. ಮ್ಯಾಂಚೆಸ್ಟರ್‌ನವರು ನಮ್ಮ ನೇಕಾರರ ಮಾಲನ್ನು ನಕಲು ಮಾಡಲು ಹೊರಟದ್ದರಲ್ಲಿ ಈ ಆಫ್ರಿಕಾ ಮಾರುಕಟ್ಟೆಯ ಆಸೆಯೂ ಇತ್ತು.

ಇನ್ನೊಂದು, ಕವಡೆ. ಮಾಲ್ಡೀವ್ಸ್‌ನಲ್ಲಿ ಹೆಂಗಸರು ಮಕ್ಕಳು ಸೇರಿ ಸಮುದ್ರದಿಂದ ಹೆಕ್ಕಿದ ಕವಡೆ ಬಂಗಾಳಕ್ಕೆ, ಸಿಲೋನಿಗೆ ಬರುತ್ತಿತ್ತು. ಡಚ್ ಮತ್ತು ಇಂಗ್ಲಿಷ್ ಕಂಪನಿಗಳು ಅದನ್ನು ಹಡಗಿನ ತಳದಲ್ಲಿ ತೂಕಕ್ಕೆ ತುಂಬಿಕೊಂಡು ಆಮ್‌ಸ್ಟರ್‌ಡಾಂ, ಲಂಡನ್‌ಗೆ ಒಯ್ದು ಹರಾಜು ಹಾಕುತ್ತಿದ್ದವು. ಅಲ್ಲಿ ಗುಲಾಮ ವ್ಯಾಪಾರಿಗಳು ಕೊಂಡು ಪಶ್ಚಿಮ ಆಫ್ರಿಕಾಕ್ಕೆ ಕಳಿಸುತ್ತಿದ್ದರು. ಅಲ್ಲಿ ಅದು ಚಾಲ್ತಿಯ ಹಣ. ಒಬ್ಬ ಮನುಷ್ಯನ ಬೆಲೆ ಸಾವಿರಗಳ ಲೆಕ್ಕದಲ್ಲಿ ಶುರುವಾಗಿ 18ನೇ ಶತಮಾನದಲ್ಲಿ ಲಕ್ಷ ಕವಡೆ ದಾಟಿತು. ಹೆಕ್ಕಿದವರಿಗೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವ ಸುಳಿವೂ ಇರಲಿಕ್ಕಿಲ್ಲ.

ನಮ್ಮ ಪಾಲು ಇಷ್ಟಕ್ಕೇ ಮುಗಿಯಲಿಲ್ಲ. ಮೊಜಾಂಬಿಕ್‌ನಿಂದ ಗೋವಾಕ್ಕೆ ಪೋರ್ಚುಗೀಸರು ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಕಾಡು ಸೇರಿದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಅವರ ವಂಶದವರಿದ್ದಾರೆ. ಅಚ್ಚ ಕನ್ನಡ, ಕೊಂಕಣಿ ಮಾತಾಡುತ್ತಾರೆ. ಈಗಲೂ ಅವರನ್ನು ಬಸ್ಸಿನಲ್ಲಿ 'ಯಾವ ದೇಶ?' ಅಂತ ಕೇಳುವವರಿದ್ದಾರೆ, ನಮ್ಮ ಜನಕ್ಕೆ ಏನು ಹೇಳೋಣ.

ಪ್ರಶ್ನೆ: ಕೊನೆಗೆ ಬ್ರಿಟಿಷರೇ ದಯೆಯಿಂದ ಗುಲಾಮಗಿರಿ ನಿಲ್ಲಿಸಿದರಲ್ಲ?
— ನಿವೃತ್ತ ಶಿಕ್ಷಕಿ

ದಯೆ ಇದ್ದವರು ಇದ್ದರು ಮೇಡಂ, ಗುಲಾಮರು ಬೆಳೆದ ಸಕ್ಕರೆ ಬೇಡ ಅಂದ ಸಾವಿರಾರು ಇಂಗ್ಲಿಷ್ ಮನೆಗಳಿದ್ದವು. ಆದರೆ ಬ್ರಿಟಿಷರು ನಿಲ್ಲಿಸುವುದಕ್ಕೂ ಮೊದಲು ಹೈಟಿಯ ಗುಲಾಮರು 1791ರಲ್ಲಿ ಎದ್ದು ನಿಂತು, 1804ರಲ್ಲಿ ತಾವೇ ಸ್ವತಂತ್ರ ದೇಶ ಕಟ್ಟಿದ್ದರು. ಬ್ರಿಟನ್ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ, ಗುಲಾಮಗಿರಿ ರದ್ದು ಮಾಡುವ ಕಾನೂನು ತಂದದ್ದು 1833ರಲ್ಲಿ. ಪರಿಹಾರವಾಗಿ 2 ಕೋಟಿ ಪೌಂಡ್ ಕೊಟ್ಟರು, ಗುಲಾಮರಿಗಲ್ಲ, ಒಡೆಯರಿಗೆ. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಬಿಡುಗಡೆಯಾದವರು 1838ರ ತನಕ ಅದೇ ಒಡೆಯರ ಬಳಿ 'ಕೆಲಸ ಕಲಿಯುವವರು' ಎಂಬ ಹೆಸರಲ್ಲಿ ಪುಕ್ಕಟೆ ದುಡಿಯಬೇಕಾಯಿತು. ಹೈಟಿಯ ಕೈಯಿಂದ ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು, ಗುಲಾಮರು ಕೈತಪ್ಪಿದ ನಷ್ಟಕ್ಕೆ! ಬ್ರೆಜಿಲ್ ರದ್ದು ಮಾಡಿದ್ದು 1888ರಲ್ಲಿ.

ಕಬ್ಬಿನ ತೋಟಕ್ಕೆ ಕೂಲಿಗಳು ಬೇಕಲ್ಲ? 1834ರಿಂದ ಮಾರಿಷಸ್‌ಗೆ, 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ ಭಾರತದಿಂದ ಹಡಗು ಹೊರಟವು. ಕರಾರಿನ ಮೇಲೆ ಹೋದ ಆ ಗಿರ್ಮಿಟ್ ಕೂಲಿಗಳ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ. ಈ ಸಲ ಜಾಗ ಇಷ್ಟೇ.